ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಏಕೆ? ಕೊಲಾಜೆನ್‌ನ ರಚನೆ ಮತ್ತು ಕೆಲಸದ ಬಗ್ಗೆ ಒಂದು ಚರ್ಚೆ

ತುಂಗಾತೀರ:

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಜೈವಿಕ ಬೃಹದಣುಗಳ ಅಧ್ಯಾಯ ಬಂದಾಗಲೆಲ್ಲ "ಅಣುವಿನ ರಚನೆಯೇ ಅದರ ಕಾರ್ಯವನ್ನು ನಿರ್ಧರಿಸುತ್ತದೆ" ಎಂದು ಹಲಗೆಯ ಮೇಲೆ ಬರೆಯುತ್ತೇನೆ; ಮಕ್ಕಳು ಅದನ್ನು ಬರೆದುಕೊಂಡು, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಾರೆ. ಪ್ರೋಟೀನ್ ರಚನೆಯ ಪ್ರಾಥಮಿಕ, ದ್ವಿತೀಯಕ, ತೃತೀಯಕ, ಚತುರ್ಥಕ ಎಂಬ ನಾಲ್ಕು ಹಂತಗಳೂ ಅವರಿಗೆ ಕಂಠಪಾಠ. ಆದರೆ ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು, "ಒಂದು ಅಮೈನೊ ಆಮ್ಲ ಬದಲಾದರೆ ನಿಜವಾಗಿ ಏನಾಗುತ್ತದೆ, ಎಲ್ಲಿ ಅಡ್ಡಿಯಾಗುತ್ತದೆ?" ಎಂದು ಕೇಳಿದಾಗ, ಹಿಮೋಗ್ಲೋಬಿನ್ ಮತ್ತು ಕುಡಗೋಲು ಕಣದ ರಕ್ತಹೀನತೆ ಎಂಬ ಎಂದಿನ ಉತ್ತರವನ್ನು ಬಿಟ್ಟು ಬೇರೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಪರಮಾಣುವಿನಿಂದ ಹಿಡಿದು ಮೂಳೆ, ಚರ್ಮದವರೆಗೆ ಒಂದೇ ಎಳೆಯಲ್ಲಿ ಹಿಂಬಾಲಿಸಬಹುದಾದ ಇನ್ನೊಂದು ಉದಾಹರಣೆಯನ್ನು ಬಲ್ಲವರು ಬಿಡಿಸಿ ಹೇಳುವಿರಾ? ಜಿ. ಎನ್. ರಾಮಚಂದ್ರನ್ ಅವರ ಹೆಸರು ಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಅವರು ಮಾಡಿದ್ದೇನು ಎಂಬುದೂ ಇದರೊಳಗೆ ಬಂದರೆ ಉಪಕಾರವಾದೀತು.

ಮೂರೆಳೆ:

ಮೇಡಂ, ನೀವು ಕೇಳಿದ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಅಣುವಿನಲ್ಲಿದೆ, ಅದು ಕೊಲಾಜೆನ್. ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಇದೇ ಇರುತ್ತದೆ. ಚರ್ಮ, ಮೂಳೆ, ಸ್ನಾಯುರಜ್ಜು, ರಕ್ತನಾಳದ ಗೋಡೆ, ಕಣ್ಣಿನ ಕಾರ್ನಿಯ ಎಲ್ಲಕ್ಕೂ ಆಧಾರ ಇದರದ್ದೇ. ಮನುಷ್ಯನಲ್ಲಿ 28 ಬಗೆಯ ಕೊಲಾಜೆನ್‌ಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಒಂದನೆಯ ಬಗೆಯದನ್ನು ಮಾತ್ರ ಇಲ್ಲಿ ತೆಗೆದುಕೊಳ್ಳುತ್ತೇನೆ.

ಅದರ ಅಮೈನೊ ಆಮ್ಲಗಳ ಸಾಲನ್ನು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಏಕತಾನ. ಗ್ಲೈಸಿನ್, ಆಮೇಲೆ ಎರಡು ಬೇರೆ, ಮತ್ತೆ ಗ್ಲೈಸಿನ್, ಮತ್ತೆ ಎರಡು ಬೇರೆ: ಹೀಗೆ ಸಾವಿರಕ್ಕೂ ಹೆಚ್ಚು ಸ್ಥಾನಗಳವರೆಗೆ ಒಮ್ಮೆಯೂ ತಪ್ಪದೆ ಸಾಗುತ್ತದೆ. ನಡುವಿನ ಎರಡು ಸ್ಥಾನಗಳಲ್ಲಿ ಮೊದಲನೆಯದು ಅನೇಕ ಸಲ ಪ್ರೋಲಿನ್, ಎರಡನೆಯದು ಅನೇಕ ಸಲ ಹೈಡ್ರಾಕ್ಸಿಪ್ರೋಲಿನ್. ಪ್ರೋಲಿನ್‌ನ ಪಾರ್ಶ್ವ ಗುಂಪು (ಒಂದು ಅಮೈನೊ ಆಮ್ಲವನ್ನು ಇನ್ನೊಂದರಿಂದ ಬೇರೆಯಾಗಿಸುವ ಭಾಗ) ಸರಪಳಿಯ ಬೆನ್ನೆಲುಬಿನ ಸಾರಜನಕಕ್ಕೇ ಮರಳಿ ಅಂಟಿಕೊಂಡು ಉಂಗುರವಾಗಿರುವುದರಿಂದ, ಸರಪಳಿ ಆ ಜಾಗದಲ್ಲಿ ಬೇಕಾದಂತೆ ತಿರುಗಲಾರದು. ಇಂತಹ ಬಿಗಿಯಾದ ಸ್ಥಾನಗಳು ಪದೇ ಪದೇ ಬಂದಾಗ ಸರಪಳಿ ಹೆಚ್ಚುಕಡಿಮೆ ಮೂರು ಸ್ಥಾನಗಳಿಗೆ ಒಂದು ಸುತ್ತು ಬರುವ, ನೀಳವಾದ ಎಡಗೈ ಸುರುಳಿಯಾಗುತ್ತದೆ. ಪಠ್ಯದಲ್ಲಿರುವ ಆಲ್ಫಾ ಸುರುಳಿಯಲ್ಲಿ ಒಂದು ಅಮೈನೊ ಆಮ್ಲ 0.15 ನ್ಯಾನೊಮೀಟರ್ ಉದ್ದವನ್ನಷ್ಟೇ ಸೇರಿಸಿದರೆ, ಇಲ್ಲಿ ಸುಮಾರು 0.29 ನ್ಯಾನೊಮೀಟರ್ ಸೇರಿಸುತ್ತದೆ. ಸಾವಿರ ಸ್ಥಾನಗಳಿಗೆ ಲೆಕ್ಕ ಹಾಕಿ: ಸುಮಾರು 300 ನ್ಯಾನೊಮೀಟರ್ ಉದ್ದದ ಕಡ್ಡಿ, ದಪ್ಪ ಮಾತ್ರ 1.5 ನ್ಯಾನೊಮೀಟರ್.

ಇಂತಹ ಮೂರು ಎಡಗೈ ಸುರುಳಿಗಳು ಒಂದನ್ನೊಂದು ಬಲಗೈ ದಿಕ್ಕಿನಲ್ಲಿ ಸುತ್ತಿಕೊಂಡಾಗ ಕೊಲಾಜೆನ್ ಅಣುವಾಗುತ್ತದೆ. ತೆಂಗಿನ ನಾರಿನ ಹಗ್ಗ ಹೊಸೆಯುವವರನ್ನು ಕಂಡವರಿಗೆ ಇದು ಹೊಸದಲ್ಲ. ಎಳೆಗೆ ಒಂದು ದಿಕ್ಕಿನ ಹುರಿ, ಎಳೆಗಳನ್ನು ಕೂಡಿಸುವಾಗ ಅದಕ್ಕೆ ವಿರುದ್ಧ ದಿಕ್ಕಿನ ಹುರಿ ಕೊಡುವುದರಿಂದಲೇ ಎಳೆದಾಗ ಹಗ್ಗ ಬಿಚ್ಚಿಕೊಳ್ಳುವುದಿಲ್ಲ.

ಇನ್ನು ಗ್ಲೈಸಿನ್ ವಿಷಯ. ಮೂರು ಸರಪಳಿಗಳು ಒಂದಕ್ಕೊಂದು ಒಂದೊಂದು ಸ್ಥಾನದಷ್ಟು ಜಾರಿ ನಿಂತಿರುವುದರಿಂದ, ಅಣುವಿನ ಯಾವ ಮಟ್ಟದಲ್ಲಿ ಅಡ್ಡಕೊಯ್ದು ನೋಡಿದರೂ ಮೂರರಲ್ಲಿ ಒಂದು ಸರಪಳಿ ತನ್ನ ಅಮೈನೊ ಆಮ್ಲವನ್ನು ನಟ್ಟನಡುವಿನ ಅಕ್ಷದ ಕಡೆಗೆ ಚಾಚಿರುತ್ತದೆ. ಅಲ್ಲಿ ಜಾಗವೇ ಇಲ್ಲ. ಪಾರ್ಶ್ವ ಗುಂಪಾಗಿ ಬರಿಯ ಒಂದು ಹೈಡ್ರೋಜನ್ ಪರಮಾಣುವನ್ನು ಹೊಂದಿರುವ ಗ್ಲೈಸಿನ್ ಮಾತ್ರ ಅಲ್ಲಿ ಹಿಡಿಸುತ್ತದೆ. ಉಳಿದ 19 ಅಮೈನೊ ಆಮ್ಲಗಳೂ ಅಲ್ಲಿಗೆ ದಪ್ಪವೇ.

ಸಕ್ಕರೆನಾಡು:

ನಾನು ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿ. ಒಂದು ಅನುಮಾನವಿದೆ ಸರ್. ಗ್ಲೈಸಿನ್ ಬದಲಿಗೆ ಅಲನಿನ್ ಬಂದರೆ ಹೆಚ್ಚುವುದು ಒಂದು ಮೀಥೈಲ್ ಗುಂಪು ಮಾತ್ರ. 300 ನ್ಯಾನೊಮೀಟರ್ ಉದ್ದದ ಅಣುವಿನಲ್ಲಿ ಅಷ್ಟು ಸಣ್ಣ ಉಬ್ಬನ್ನು ಪಕ್ಕದ ಸರಪಳಿಗಳು ಸ್ವಲ್ಪ ಸರಿದು ಹೊಂದಿಸಿಕೊಳ್ಳಲಾರವೇ?

ಮೂರೆಳೆ:

ಹೊಂದಿಸಿಕೊಳ್ಳುತ್ತವೆ, ಆದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಇದು ಊಹೆಯ ಮಾತಲ್ಲ. ಹೆಲೆನ್ ಬರ್ಮನ್, ಬಾರ್ಬರಾ ಬ್ರಾಡ್‌ಸ್ಕಿ ಮತ್ತು ಸಂಗಡಿಗರು 1994ರಲ್ಲಿ ಕೊಲಾಜೆನ್‌ನಂತಹ ಒಂದು ಚಿಕ್ಕ ಪೆಪ್ಟೈಡ್‌ನ ಸ್ಫಟಿಕ ರಚನೆಯನ್ನು 1.9 ಆಂಗ್‌ಸ್ಟ್ರಾಮ್ (0.19 ನ್ಯಾನೊಮೀಟರ್) ಸ್ಪಷ್ಟತೆಯಲ್ಲಿ ಬಿಡಿಸಿದರು. ಆ ಪೆಪ್ಟೈಡ್‌ನ ನಡುವೆ ಬೇಕೆಂದೇ ಒಂದು ಗ್ಲೈಸಿನ್ ತೆಗೆದು ಅಲನಿನ್ ಇರಿಸಿದ್ದರು. ಸಹಜ ಸ್ಥಾನಗಳಲ್ಲಿ ಗ್ಲೈಸಿನ್‌ನ ಎನ್‌–ಎಚ್ ಗುಂಪು ಪಕ್ಕದ ಸರಪಳಿಯ ಆಮ್ಲಜನಕಕ್ಕೆ ನೇರವಾಗಿ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತದೆ. ಅಲನಿನ್ ಇದ್ದ ಜಾಗದಲ್ಲಿ ಸರಪಳಿಗಳು ಅಗಲವಾಗಿ, ಆ ನೇರ ಬಂಧಗಳು ಕಡಿದು, ನಡುವೆ ನೀರಿನ ಅಣುಗಳು ಬಂದು ಸೇತುವೆಯಂತೆ ಕುಳಿತಿದ್ದವು. ಅಲ್ಲಿ ಸುರುಳಿಯ ಹುರಿಯೂ ತುಸು ಸಡಿಲವಾಗಿತ್ತು. ಅಣು ಮುರಿಯಲಿಲ್ಲ ನಿಜ, ಆದರೆ ದುರ್ಬಲವಾಯಿತು. ಅಲನಿನ್‌ಗೇ ಹೀಗಾದರೆ, ಆಸ್ಪಾರ್ಟಿಕ್ ಆಮ್ಲದಂತಹ ದಪ್ಪನೆಯ, ವಿದ್ಯುದಾವೇಶವುಳ್ಳ ಗುಂಪು ಬಂದಾಗ ಏನಾಗಬಹುದೆಂದು ನೀವೇ ಯೋಚಿಸಿ.

ಹಳೇ ಪ್ರಯೋಗಶಾಲೆ:

ರಾಮಚಂದ್ರನ್ ಅವರ ಭಾಗವನ್ನು ನಾನು ಸೇರಿಸುತ್ತೇನೆ. ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಓದಲು; ಸಿ. ವಿ. ರಾಮನ್ ಅವರ ಪ್ರಭಾವದಿಂದ ಭೌತಶಾಸ್ತ್ರಕ್ಕೆ ಬದಲಾದರು. ಕೇಂಬ್ರಿಜ್‌ನಲ್ಲಿಯೂ ಸಂಶೋಧನೆ ಮಾಡಿ ಬಂದ ಅವರು 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದಾಗ ಅವರಿಗೆ ಇನ್ನೂ ಮೂವತ್ತು. ಅಲ್ಲಿಗೆ ಭೇಟಿಯಿತ್ತ ಬ್ರಿಟನ್ನಿನ ಸ್ಫಟಿಕವಿಜ್ಞಾನಿ ಜೆ. ಡಿ. ಬರ್ನಾಲ್ ಅವರೊಡನೆ ಮಾತನಾಡುವಾಗ, ಕೊಲಾಜೆನ್‌ನ ರಚನೆಗೆ ಇನ್ನೂ ಒಪ್ಪುವ ಉತ್ತರ ಸಿಕ್ಕಿಲ್ಲ ಎಂಬ ವಿಷಯ ಬಂತು. ಪೌಲಿಂಗ್ ಮತ್ತು ಕೋರಿ 1951ರಲ್ಲಿ ಒಂದು ರಚನೆಯನ್ನು ಸೂಚಿಸಿದ್ದರು, ಅದು ಸರಿಹೋಗಿರಲಿಲ್ಲ. ಮದರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಕೂಗಳತೆಯಲ್ಲೇ ಇದ್ದುದರಿಂದ ಕೊಲಾಜೆನ್‌ಗೆ ಬರವಿರಲಿಲ್ಲ. ಆದರೆ ಒಳ್ಳೆಯ ಕ್ಷ-ಕಿರಣ ಚಿತ್ರಕ್ಕೆ ಚೆನ್ನಾಗಿ ಸಾಲುಗೂಡಿದ ಎಳೆಗಳು ಬೇಕು. ಅದಕ್ಕಾಗಿ ಕಾಂಗರೂ ಬಾಲದ ಸ್ನಾಯುರಜ್ಜನ್ನು ಆಸ್ಟ್ರೇಲಿಯದಿಂದ ತರಿಸಿಕೊಂಡರು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಸಂತೋಷದಿಂದ ಹೇಳುವ ಸಂಗತಿ.

ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಮೂರು ಸರಪಳಿಗಳ ರಚನೆಯನ್ನು ಪ್ರಕಟಿಸಿದರು. ಮರುವರ್ಷ ಅದನ್ನು ತಿದ್ದಿ, ಮೂರೂ ಒಂದನ್ನೊಂದು ಸುತ್ತಿಕೊಳ್ಳುವ ರೂಪವನ್ನು ಕೊಟ್ಟರು. ಒಟ್ಟು ಅಮೈನೊ ಆಮ್ಲಗಳಲ್ಲಿ ಮೂರನೆಯ ಒಂದು ಭಾಗ ಗ್ಲೈಸಿನ್ ಎಂಬುದು ರಾಸಾಯನಿಕ ವಿಶ್ಲೇಷಣೆಯಿಂದ ಆಗಲೇ ತಿಳಿದಿತ್ತು. ಆದರೆ ಅದು ಸರಪಳಿಯುದ್ದಕ್ಕೂ ಪ್ರತಿ ಮೂರನೆಯ ಸ್ಥಾನದಲ್ಲೇ ಬರಬೇಕು ಎಂದು ರಚನೆಯ ಒತ್ತಾಯದಿಂದ ತೀರ್ಮಾನಿಸಿದ್ದು ದೊಡ್ಡ ಹೆಜ್ಜೆ.

ತಗಾದೆ:

ಹೆಮ್ಮೆಗೆ ಅಡ್ಡಿಯಿಲ್ಲ, ಆದರೆ ಪೂರ್ತಿ ಕಥೆ ಹೇಳಬೇಕಲ್ಲವೇ? 1955ರಲ್ಲಿಯೇ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮದೊಂದು ರಚನೆಯನ್ನು ಪ್ರಕಟಿಸಿದರು. ಮೂರು ಅಮೈನೊ ಆಮ್ಲಗಳಿಗೆ ಎರಡು ಹೈಡ್ರೋಜನ್ ಬಂಧಗಳಿವೆ ಎಂದು ಮದರಾಸಿನವರು ಹೇಳಿದರೆ, ಒಂದೇ ಎಂದು ಇವರು ಹೇಳಿದರು. ಕೊನೆಗೆ ನಿಂತದ್ದು ಒಂದೇ. ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಅತಿ ಹತ್ತಿರ ಬಂದಿವೆ ಎಂಬ ಆಕ್ಷೇಪವೂ ಇತ್ತು. ಈ ವಿವರಗಳನ್ನು ಬಿಟ್ಟು ಬರೀ ಜಯಕಾರ ಹಾಕಿದರೆ ವಿಜ್ಞಾನದ ಚರಿತ್ರೆ ಹರಿಕಥೆಯಾಗಿಬಿಡುತ್ತದೆ.

ಹಳೇ ಪ್ರಯೋಗಶಾಲೆ:

ತಗಾದೆಯವರ ತಗಾದೆ ನ್ಯಾಯವಾದದ್ದೇ. ಆದರೆ ನನಗೆ ಈ ಕಥೆಯ ಅತ್ಯಂತ ಕುತೂಹಲದ ತಿರುವು ಕಾಣಿಸುವುದು ಆ ಆಕ್ಷೇಪದ ನಂತರ. "ಅತಿ ಹತ್ತಿರ" ಎಂದರೆ ಎಷ್ಟು ಹತ್ತಿರ? ಎರಡು ಪರಮಾಣುಗಳು ಬಂಧವಿಲ್ಲದೆ ಎಷ್ಟು ಸಮೀಪ ಬರಬಲ್ಲವು ಎಂಬುದಕ್ಕೆ ಆಗ ಒಪ್ಪಿತ ಅಳತೆಯೇ ಇರಲಿಲ್ಲ. ರಾಮಚಂದ್ರನ್, ಶಶಿಶೇಖರನ್ ಮತ್ತು ರಾಮಕೃಷ್ಣನ್ ಅದುವರೆಗೆ ತಿಳಿದಿದ್ದ ಚಿಕ್ಕ ಅಣುಗಳ ಸ್ಫಟಿಕ ರಚನೆಗಳನ್ನೆಲ್ಲ ಕೆದಕಿ, ಯಾವ ಜೋಡಿ ಪರಮಾಣುಗಳ ನಡುವೆ ಕನಿಷ್ಠ ಎಷ್ಟು ಅಂತರ ಕಂಡುಬಂದಿದೆ ಎಂಬ ಪಟ್ಟಿ ತಯಾರಿಸಿದರು. ಪೆಪ್ಟೈಡ್ ಬಂಧ ಸಮತಟ್ಟಾಗಿ ಬಿಗಿದಿರುವುದರಿಂದ, ಸರಪಳಿಯ ಒಂದೊಂದು ಸ್ಥಾನದಲ್ಲಿ ತಿರುಗಲು ಸ್ವಾತಂತ್ರ್ಯವಿರುವುದು ಎರಡೇ ಕೋನಗಳಿಗೆ, ಫೈ ಮತ್ತು ಸೈ. ಈ ಎರಡು ಕೋನಗಳನ್ನು ಬದಲಾಯಿಸುತ್ತ ಹೋದಂತೆ ಎಲ್ಲಿ ಪರಮಾಣುಗಳು ಢಿಕ್ಕಿ ಹೊಡೆಯುತ್ತವೆ, ಎಲ್ಲಿ ಹೊಡೆಯುವುದಿಲ್ಲ ಎಂಬುದನ್ನು ಕಾಗದದ ಮೇಲೆ ಗುರುತಿಸಿದಾಗ ದೊರೆತದ್ದೇ 1963ರಲ್ಲಿ ಪ್ರಕಟವಾದ ರಾಮಚಂದ್ರನ್ ನಕ್ಷೆ.

ನಕ್ಷೆಯ ಬಹುಪಾಲು ನಿಷಿದ್ಧ ಪ್ರದೇಶ. ಅನುಮತಿಯಿರುವ ಕೆಲವೇ ದ್ವೀಪಗಳಲ್ಲಿ ಒಂದರಲ್ಲಿ ಆಲ್ಫಾ ಸುರುಳಿ, ಇನ್ನೊಂದರಲ್ಲಿ ನೀಳವಾಗಿ ಚಾಚಿದ ಸರಪಳಿಗಳು ಅಕ್ಕಪಕ್ಕ ಕೂಡುವ ಬೀಟಾ ಹಾಳೆ. ಆ ಬೀಟಾ ಹಾಳೆಯ ನೆರೆಯಲ್ಲೇ, ಫೈ ಸುಮಾರು −70 ಡಿಗ್ರಿ, ಸೈ ಸುಮಾರು 150 ಡಿಗ್ರಿ ಇರುವಲ್ಲಿ, ಕೊಲಾಜೆನ್ ಸರಪಳಿ. ಪಾರ್ಶ್ವ ಗುಂಪಿಲ್ಲದ ಗ್ಲೈಸಿನ್‌ಗೆ ಮಾತ್ರ ನಕ್ಷೆಯಲ್ಲಿ ವಿಶಾಲ ಸಂಚಾರ. ಇಂದಿಗೂ ಹೊಸ ಪ್ರೋಟೀನ್ ರಚನೆಯೊಂದನ್ನು ಬಿಡಿಸಿದವರು, ಅದು ಸರಿಯಾಗಿದೆಯೇ ಎಂದು ನೋಡಲು ಅದರ ಕೋನಗಳನ್ನು ಈ ನಕ್ಷೆಯ ಮೇಲೆ ಹಾಕಿ ಪರೀಕ್ಷಿಸುತ್ತಾರೆ. ತಪ್ಪು ಜಾಗದಲ್ಲಿ ಚುಕ್ಕೆಗಳು ಹೆಚ್ಚಾಗಿ ಬಿದ್ದರೆ, ಪರಿಶೀಲಕರು ಮೊದಲು ಬೆರಳಿಡುವುದೇ ಅಲ್ಲಿ. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು.

ಹದಗಾರ:

ನಾನು ಚರ್ಮ ಹದ ಮಾಡುವ ಉದ್ಯಮದಲ್ಲಿ ತಂತ್ರಜ್ಞನಾಗಿದ್ದವನು. ನೀವು ಬರೆದ ಮೂರೆಳೆಯ ಸುರುಳಿಯನ್ನು ನಾವು ಕಣ್ಣಾರೆ ಕಾಣದಿದ್ದರೂ, ಅದು ಬಿಚ್ಚಿಕೊಳ್ಳುವ ಗಳಿಗೆಯನ್ನು ಪ್ರತಿದಿನವೂ ನೋಡುತ್ತಿದ್ದೆವು. ಹದ ಮಾಡದ ಹಸಿ ಚರ್ಮದ ಪಟ್ಟಿಯನ್ನು ನೀರಿನಲ್ಲಿ ನಿಧಾನವಾಗಿ ಬಿಸಿ ಮಾಡುತ್ತ ಹೋದರೆ, 60–65 ಡಿಗ್ರಿಯ ಆಸುಪಾಸಿನಲ್ಲಿ ಅದು ಇದ್ದಕ್ಕಿದ್ದಂತೆ ಮುದುಡಿ ಗಿಡ್ಡವಾಗಿಬಿಡುತ್ತದೆ. ನೀಳವಾದ ಕಡ್ಡಿಗಳು ಬಿಚ್ಚಿ, ಗೊತ್ತುಗುರಿಯಿಲ್ಲದ ದಾರದುಂಡೆಗಳಾಗುವುದರ ಫಲ ಅದು. ತಂಗಡಿ ತೊಗಟೆಯಂತಹ ಸಸ್ಯಮೂಲದ ಟ್ಯಾನಿನ್‌ನಿಂದ ಹದ ಮಾಡಿದರೆ ಈ ಕುಗ್ಗುವ ತಾಪ ಹತ್ತು ಹದಿನೈದು ಡಿಗ್ರಿ ಮೇಲೇರುತ್ತದೆ. ಕ್ರೋಮ್ ಲವಣಗಳಿಂದ ಹದ ಮಾಡಿದರೆ ನೂರು ಡಿಗ್ರಿಯನ್ನೂ ದಾಟಬಹುದು. ಕ್ರೋಮಿಯಂ ಅಯಾನುಗಳು ಕೊಲಾಜೆನ್‌ನ ಕಾರ್ಬಾಕ್ಸಿಲ್ ಗುಂಪುಗಳಿಗೆ ಅಂಟಿಕೊಂಡು, ಸರಪಳಿಗಳನ್ನು ಅಡ್ಡಡ್ಡವಾಗಿ ಹೊಲಿದಂತೆ ಹಿಡಿಯುತ್ತವೆ.

ಕಾರ್ಖಾನೆಯಲ್ಲಿ ಇದಕ್ಕೆ ಒಂದು ಸರಳ ಪರೀಕ್ಷೆಯುಂಟು. ಹದ ಮಾಡುವ ಡ್ರಮ್ಮಿನಿಂದ ತೆಗೆದ, ಕ್ರೋಮ್‌ನಿಂದ ನೀಲಿಯಾದ ಒದ್ದೆ ಚರ್ಮದ ಒಂದು ತುಂಡನ್ನು ಕತ್ತರಿಸಿ, ಕಾಗದದ ಮೇಲಿಟ್ಟು ಅದರ ಅಂಚಿನ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಯುತ್ತೇವೆ. ಆ ತುಂಡನ್ನು ಕುದಿಯುವ ನೀರಿಗೆ ಎರಡು ಮೂರು ನಿಮಿಷ ಹಾಕಿ ತೆಗೆದು, ಮತ್ತೆ ಅದೇ ಗೆರೆಯ ಮೇಲೆ ಇಡುತ್ತೇವೆ. ಅಂಚು ಗೆರೆಗೆ ಸರಿಯಾಗಿ ಕೂತರೆ ಹದ ಒಳಗಿನವರೆಗೆ ಇಳಿದಿದೆ. ಮೂಲೆಗಳು ಸುರುಟಿಕೊಂಡು ಗೆರೆಯಿಂದ ಒಳಗೆ ಸರಿದಿದ್ದರೆ ಡ್ರಮ್ ಇನ್ನಷ್ಟು ಹೊತ್ತು ತಿರುಗಬೇಕು. ಪರಮಾಣುಗಳ ಬಂಧವನ್ನು ಪೆನ್ಸಿಲ್ ಗೆರೆಯಿಂದ ಅಳೆಯುವ ಇಂತಹ ಪರೀಕ್ಷೆ ಮೇಡಂ ಅವರ ತರಗತಿಗೆ ಒಪ್ಪುತ್ತದೆ ಎಂದುಕೊಂಡೆ. ಕ್ರೋಮ್ ಲವಣಗಳನ್ನು ಮಾತ್ರ ಶಾಲೆಗೆ ಒಯ್ಯಬೇಡಿ.

ಅಡುಗೆಮನೆ ವಿಜ್ಞಾನ:

ಹಾಗಾದರೆ ಕಾಲು ಸೂಪು ಫ್ರಿಜ್ಜಿನಲ್ಲಿ ಗಟ್ಟಿಯಾಗುವುದೂ ಇದೇ ಕಾರಣಕ್ಕೆ ಎನ್ನಬಹುದೇ? ಚೈನಾ ಗ್ರಾಸ್ ಹಾಕಿದ ಸಿಹಿಯೂ ಹಾಗೆಯೇ ಗಟ್ಟಿಯಾಗುತ್ತದೆ. ಅದರಲ್ಲಿಯೂ ಕೊಲಾಜೆನ್ ಇದೆಯೇ?

ಮೂರೆಳೆ:

ಕಾಲು ಸೂಪಿನದು ಅದೇ ಕಾರಣ. ಗಂಟೆಗಟ್ಟಲೆ ಕುದಿಸಿದಾಗ ಸುರುಳಿ ಬಿಚ್ಚಿ ಸರಪಳಿಗಳು ನೀರಿಗೆ ಬರುತ್ತವೆ, ಅದನ್ನೇ ಜೆಲಟಿನ್ ಎನ್ನುವುದು. ತಣ್ಣಗಾದಾಗ ಸರಪಳಿಗಳು ಅಲ್ಲಲ್ಲಿ ಮತ್ತೆ ಮೂರು ಮೂರಾಗಿ ಹೆಣೆದುಕೊಳ್ಳಲು ಯತ್ನಿಸುತ್ತವೆ. ಮೊದಲಿನ ಜೊತೆಗಾರರು ಸಿಗದೆ, ಸಾಲು ಸರಿಹೊಂದದೆ, ಪೂರ್ಣ ಅಣುವಾಗದೆ ತುಂಡು ತುಂಡು ಸುರುಳಿಗಳ ಒಂದು ಬಲೆಯಾಗಿ, ಅದರೊಳಗೆ ನೀರು ಸಿಕ್ಕಿಬೀಳುತ್ತದೆ. ಚೈನಾ ಗ್ರಾಸ್ ಕಡಲಪಾಚಿಯಿಂದ ಬರುವ ಅಗರ್, ಅದೊಂದು ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಅಣುಗಳ ಸರಪಳಿ. ಗಟ್ಟಿಯಾಗುವ ಬಗೆ ಹೋಲುತ್ತದೆಯಾದರೂ ಅಣು ಪೂರ್ತಿ ಬೇರೆ. ಪರೀಕ್ಷಿಸಬೇಕೆಂದರೆ ಎರಡಕ್ಕೂ ಹಸಿ ಪರಂಗಿಕಾಯಿಯ ತುರಿ ಸೇರಿಸಿ ನೋಡಿ: ಅದರಲ್ಲಿರುವ ಪಪೈನ್ ಕಿಣ್ವ ಪ್ರೋಟೀನನ್ನು ಕತ್ತರಿಸುವುದರಿಂದ ಜೆಲಟಿನ್ ಗಟ್ಟಿಯಾಗದು, ಅಗರ್ ಎಂದಿನಂತೆ ಗಟ್ಟಿಯಾಗುತ್ತದೆ.

ಸಕ್ಕರೆನಾಡು:

ಪಾಲಿಸ್ಯಾಕರೈಡ್ ಮಾತು ಬಂದುದರಿಂದ ಕೇಳುತ್ತೇನೆ: ಸಣ್ಣ ಬದಲಾವಣೆಯಿಂದ ದೊಡ್ಡ ವ್ಯತ್ಯಾಸ ಎಂಬುದು ಪ್ರೋಟೀನ್‌ಗಳಿಗೆ ಮಾತ್ರ ಸೀಮಿತವೇ?

ಮೂರೆಳೆ:

ಇಲ್ಲ. ಅಕ್ಕಿಯ ಪಿಷ್ಟವೂ ಹತ್ತಿಯ ಸೆಲ್ಯುಲೋಸೂ ಗ್ಲೂಕೋಸಿನವೇ. ಜೋಡಣೆಯ ಬಂಧ ಆಲ್ಫಾ ಆದರೆ ಸರಪಳಿ ಬಾಗಿ ಸುರುಳಿಯಾಗುತ್ತದೆ, ನಮ್ಮ ಅಮೈಲೇಸ್ ಅದನ್ನು ಕತ್ತರಿಸುತ್ತದೆ. ಬೀಟಾ ಆದರೆ ಸರಪಳಿ ನೆಟ್ಟಗೆ ನಿಂತು, ಪಕ್ಕದ ಸರಪಳಿಗಳೊಡನೆ ಹೈಡ್ರೋಜನ್ ಬಂಧಗಳಿಂದ ಕಟ್ಟಿಕೊಂಡು ನಾರಾಗುತ್ತದೆ, ಅದನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿಲ್ಲ. ಅದಕ್ಕೆ ಬೇರೆ ಚರ್ಚೆಯನ್ನೇ ತೆರೆಯೋಣ, ಇಲ್ಲಿ ಕೊಲಾಜೆನ್ ಸಾಕು.

ಡಾಕ್ಟರಮ್ಮ:

ಮೂಳೆರೋಗಗಳ ಚಿಕಿತ್ಸೆಯಲ್ಲಿರುವ ನಾನು ಎರಡು ಮಾತು ಸೇರಿಸಬೇಕು. ಮೊದಲನೆಯದು ಹೈಡ್ರಾಕ್ಸಿಪ್ರೋಲಿನ್. ಡಿಎನ್‌ಎಯಲ್ಲಿ ಇದಕ್ಕೆ ಸಂಕೇತವೇ ಇಲ್ಲ. ಸರಪಳಿ ತಯಾರಾಗುವಾಗ ಸೇರುವುದು ಸಾದಾ ಪ್ರೋಲಿನ್. ಅನಂತರ, ಮೂರು ಸರಪಳಿಗಳು ಹೆಣೆದುಕೊಳ್ಳುವ ಮೊದಲು, ಜೀವಕೋಶದೊಳಗಿನ ಒಂದು ಕಿಣ್ವ ಅದಕ್ಕೆ ಹೈಡ್ರಾಕ್ಸಿಲ್ ಗುಂಪನ್ನು ಅಂಟಿಸುತ್ತದೆ. ಆ ಕಿಣ್ವದ ನಡುವೆ ಒಂದು ಕಬ್ಬಿಣದ ಅಯಾನು ಇದೆ. ಅದು ಆಕ್ಸಿಡೀಕರಣಗೊಂಡು ನಿಷ್ಕ್ರಿಯವಾಗದಂತೆ ಕಾಯುವುದು ವಿಟಮಿನ್ ಸಿ. ವಿಟಮಿನ್ ಸಿ ಇಲ್ಲದಿದ್ದರೆ ಹೈಡ್ರಾಕ್ಸಿಲ್ ಇಲ್ಲ. ಹೈಡ್ರಾಕ್ಸಿಲ್ ಇಲ್ಲದ ಕೊಲಾಜೆನ್ ಸುಮಾರು 24 ಡಿಗ್ರಿಯಲ್ಲೇ ಬಿಚ್ಚಿಹೋಗುತ್ತದೆ. ನಮ್ಮ ಮೈ 37 ಡಿಗ್ರಿ. ಇಷ್ಟೇ ಸ್ಕರ್ವಿ ರೋಗ. ಒಸಡು ಊದಿ ರಕ್ತ ಬರುವುದು, ಎಂದೋ ಮಾಗಿದ್ದ ಗಾಯಗಳು ಮತ್ತೆ ಬಾಯಿಬಿಡುವುದು, ಎಲ್ಲವೂ ಹಳೆಯ ಕೊಲಾಜೆನ್ ಸವೆದಂತೆ ಅದರ ಜಾಗಕ್ಕೆ ಒಳ್ಳೆಯದು ಬಾರದಿರುವುದರ ಲಕ್ಷಣಗಳು. ಜೇಮ್ಸ್ ಲಿಂಡ್ 1747ರಲ್ಲಿ ಹಡಗಿನ ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಬೇರೆ ಬೇರೆ ಪಥ್ಯಕ್ಕೆ ಹಾಕಿದಾಗ, ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಹೆಚ್ಚಿನ ಪ್ರಾಣಿಗಳು ವಿಟಮಿನ್ ಸಿಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಲ್ಲಿಯೂ ಅದರ ಕೊನೆಯ ಕಿಣ್ವದ ವಂಶವಾಹಿ ಇದೆ, ಆದರೆ ಕೆಟ್ಟು ನಿಂತಿದೆ.

ತಗಾದೆ:

ಒಂದು ಹೈಡ್ರಾಕ್ಸಿಲ್ ಗುಂಪು ಹತ್ತು ಹದಿನೈದು ಡಿಗ್ರಿಯಷ್ಟು ಬಲ ಕೊಡುವುದು ಹೇಗೆ? ನೀರಿನ ಅಣುಗಳನ್ನು ಹಿಡಿದುಕೊಂಡು ಸರಪಳಿಗಳ ನಡುವೆ ಸೇತುವೆ ಕಟ್ಟುವುದರಿಂದ ಎಂದು ಹಿಂದೆ ಓದಿದ ನೆನಪು.

ಮೂರೆಳೆ:

ಆ ವಿವರಣೆ ಬಹುಕಾಲ ಚಾಲ್ತಿಯಲ್ಲಿತ್ತು. 1994ರ ಸ್ಫಟಿಕ ರಚನೆಯಲ್ಲಿ ಅಂತಹ ನೀರಿನ ಸೇತುವೆಗಳು ಕಂಡದ್ದರಿಂದ ಅದಕ್ಕೆ ಬಲವೂ ಬಂದಿತ್ತು. 1998ರಲ್ಲಿ ರೊನಾಲ್ಡ್ ರೈನ್ಸ್ ಅವರ ತಂಡ ಬಹಳ ಜಾಣತನದ ಒಂದು ಪ್ರಯೋಗ ಮಾಡಿತು. ಹೈಡ್ರಾಕ್ಸಿಲ್ ತೆಗೆದು ಅದೇ ಜಾಗದಲ್ಲಿ ಫ್ಲೋರಿನ್ ಇರಿಸಿದ ಪೆಪ್ಟೈಡ್ ತಯಾರಿಸಿದರು. ಫ್ಲೋರಿನ್ ಎಲೆಕ್ಟ್ರಾನ್‌ಗಳನ್ನು ಬಲವಾಗಿ ಎಳೆದುಕೊಳ್ಳುತ್ತದೆಯಾದರೂ, ಇಂತಹ ಅಣುಗಳಲ್ಲಿ ನೀರಿನೊಡನೆ ಹೈಡ್ರೋಜನ್ ಬಂಧ ಕಟ್ಟುವ ಪ್ರವೃತ್ತಿ ಅದಕ್ಕೆ ತೀರ ಕಡಿಮೆ. ನೀರಿನ ಸೇತುವೆಯೇ ಕಾರಣವಾಗಿದ್ದರೆ ಸುರುಳಿ ದುರ್ಬಲವಾಗಬೇಕಿತ್ತು. ಆದದ್ದು ತದ್ವಿರುದ್ಧ: ಫ್ಲೋರಿನ್ ಇದ್ದ ಸುರುಳಿ ಹೈಡ್ರಾಕ್ಸಿಲ್ ಇದ್ದುದಕ್ಕಿಂತಲೂ ಗಟ್ಟಿಯಾಗಿತ್ತು. ಅಂದರೆ ಆ ಸ್ಥಾನದಲ್ಲಿರುವ ಗುಂಪು ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆದು, ಪ್ರೋಲಿನ್‌ನ ಉಂಗುರ ಒಂದು ನಿರ್ದಿಷ್ಟ ಮಡಿಕೆಯಲ್ಲಿ ನಿಲ್ಲುವಂತೆ ಮಾಡುತ್ತದೆ. ಆ ಮಡಿಕೆಯಿಂದ ಫೈ, ಸೈ ಕೋನಗಳು ಸುರುಳಿಗೆ ಬೇಕಾದ ಬೆಲೆಗೆ ಮೊದಲೇ ಬಂದು ಕುಳಿತಿರುತ್ತವೆ. ಸರಪಳಿ ಸುತ್ತಿಕೊಳ್ಳುವಾಗ ಕಳೆದುಕೊಳ್ಳಬೇಕಾದ ಸ್ವಾತಂತ್ರ್ಯವನ್ನು ಮುಂಚೆಯೇ ಕಳೆದುಕೊಂಡಿರುವುದರಿಂದ ಹೆಣಿಗೆ ಸುಲಭವಾಗುತ್ತದೆ.

ಇನ್ನೊಂದು ವಿಚಿತ್ರವೂ ಇದೆ. 2002ರಲ್ಲಿ ಸೆರ್ಗೆ ಲೈಕಿನ್ ಅವರ ತಂಡ ಬಿಡಿ ಕೊಲಾಜೆನ್ ಅಣುಗಳನ್ನು ಅತಿ ನಿಧಾನವಾಗಿ ಬಿಸಿ ಮಾಡಿ ನೋಡಿದಾಗ, ಅವು ದೇಹದ ಉಷ್ಣತೆಗಿಂತ ಕೆಲವು ಡಿಗ್ರಿ ಕೆಳಗೇ ಬಿಚ್ಚಿಕೊಳ್ಳುತ್ತವೆಂದು ತಿಳಿಯಿತು. ನಮ್ಮನ್ನು ಹಿಡಿದು ನಿಲ್ಲಿಸಿರುವ ಅಣು ಒಂಟಿಯಾಗಿದ್ದರೆ ನಮ್ಮದೇ ಮೈಬಿಸಿಗೆ ಕರಗಿಹೋದೀತು! ಅದನ್ನು ಉಳಿಸುವುದು ಸಮೂಹ. ಅಣುಗಳು ಒಂದರ ಪಕ್ಕ ಒಂದು 67 ನ್ಯಾನೊಮೀಟರ್‌ನಷ್ಟು ಜಾರಿ ಸಾಲುಗೂಡಿ ತಂತುಗಳಾದಾಗ ಬಿಚ್ಚಿಕೊಳ್ಳಲು ಆಸ್ಪದವಿರುವುದಿಲ್ಲ. 300ನ್ನು 67 ನಿಶ್ಶೇಷವಾಗಿ ಭಾಗಿಸದ ಕಾರಣ ಸಾಲಿನಲ್ಲಿ ಒಂದರ ತುದಿಗೂ ಮುಂದಿನದರ ತುದಿಗೂ ನಡುವೆ ಸಂದು ಉಳಿಯುತ್ತದೆ. ಮೂಳೆಯಲ್ಲಿ ಸುಣ್ಣದ ಖನಿಜದ ಹರಳುಗಳು ಬೆಳೆಯತೊಡಗುವುದು ಈ ಸಂದುಗಳಲ್ಲಿ.

ಮನೆಯೊಡತಿ:

ಇಷ್ಟೆಲ್ಲ ಓದಿದ ಮೇಲೆ ಒಂದು ಸಾಮಾನ್ಯ ಪ್ರಶ್ನೆ. ಚರ್ಮ ಸುಕ್ಕಾಗದಿರಲು, ಮಂಡಿನೋವಿಗೆ ಎಂದು ಕೊಲಾಜೆನ್ ಪುಡಿಯ ಜಾಹೀರಾತು ದಿನವೂ ಫೋನಿನಲ್ಲಿ ಬರುತ್ತದೆ, ಬೆಲೆಯೂ ಸಾಕಷ್ಟಿದೆ. ಕುಡಿದರೆ ಅದು ನೇರವಾಗಿ ಚರ್ಮಕ್ಕೆ ಹೋಗಿ ಸೇರುತ್ತದೆಯೇ?

ಡಾಕ್ಟರಮ್ಮ:

ನೇರವಾಗಿ ಹೋಗಿ ಸೇರುವ ಮಾತೇ ಇಲ್ಲ ಅಮ್ಮ. ಪುಡಿ ಮಾಡುವಾಗಲೇ ಅದನ್ನು ಸಣ್ಣ ತುಂಡುಗಳಾಗಿ ಕತ್ತರಿಸಿರುತ್ತಾರೆ, ಉಳಿದುದನ್ನು ನಿಮ್ಮ ಕರುಳು ಕತ್ತರಿಸುತ್ತದೆ. ಮೂರೆಳೆಯ ಸುರುಳಿ ಎಂಬುದು ಡಬ್ಬಿಯಲ್ಲಿಯೂ ಇರುವುದಿಲ್ಲ. ಎರಡು ಮೂರು ಅಮೈನೊ ಆಮ್ಲಗಳ ಕೆಲವು ಚೂರುಗಳು, ಉದಾಹರಣೆಗೆ ಪ್ರೋಲಿನ್–ಹೈಡ್ರಾಕ್ಸಿಪ್ರೋಲಿನ್ ಜೋಡಿ, ರಕ್ತದಲ್ಲಿ ಕಾಣಿಸಿಕೊಳ್ಳುವುದು ನಿಜ; ಅವು ಜೀವಕೋಶಗಳಿಗೆ ಏನಾದರೂ ಸೂಚನೆ ಕೊಡುತ್ತವೆಯೇ ಎಂಬ ಅಧ್ಯಯನಗಳು ನಡೆದಿವೆ, ಅವುಗಳಲ್ಲಿ ಅನೇಕಕ್ಕೆ ಹಣ ಕೊಟ್ಟವರು ಪುಡಿ ಮಾರುವವರೇ. ಮೇಲೆ ಹೇಳಿದ್ದನ್ನು ನೆನಪಿಸಿಕೊಳ್ಳಿ: ನೀವು ತಿಂದ ಹೈಡ್ರಾಕ್ಸಿಪ್ರೋಲಿನ್‌ಗೆ ಡಿಎನ್‌ಎಯಲ್ಲಿ ಸಂಕೇತವಿಲ್ಲದ ಕಾರಣ ಹೊಸ ಸರಪಳಿಯಲ್ಲಿ ಅದನ್ನು ಹಾಗೆಯೇ ಸೇರಿಸಲು ದೇಹಕ್ಕೆ ದಾರಿಯೇ ಇಲ್ಲ. ಅದಲ್ಲದೆ ಕೊಲಾಜೆನ್‌ನಲ್ಲಿ ಟ್ರಿಪ್ಟೊಫಾನ್ ಇಲ್ಲ, ಆದ್ದರಿಂದ ಆಹಾರದ ಪ್ರೋಟೀನಾಗಿ ಅದು ಅಪೂರ್ಣ. ಬೇಳೆ, ಮೊಟ್ಟೆ, ಹಾಲಿನ ಜೊತೆಗೆ ನೆಲ್ಲಿಕಾಯಿ, ಸೀಬೆಹಣ್ಣು ತಿನ್ನುವವರಿಗೆ ಕೊಲಾಜೆನ್ ಕಟ್ಟಲು ಬೇಕಾದ ಸಾಮಗ್ರಿಗೆ ಕೊರತೆಯಿರುವುದಿಲ್ಲ. ಆ ಹಣಕ್ಕೆ ಹಣ್ಣು ತನ್ನಿ ಎನ್ನುವುದು ನನ್ನ ಅಭಿಪ್ರಾಯ.

ಅಡುಗೆಮನೆ ವಿಜ್ಞಾನ:

ಕೇಸರಿ ಬೇಳೆ ತಿಂದರೆ ಕಾಲು ಸೋಲುವುದೂ ಕೊಲಾಜೆನ್ ಕೆಡುವುದರಿಂದಲೇ ಎಂದು ಎಲ್ಲೋ ಓದಿದ್ದೆ.

ಡಾಕ್ಟರಮ್ಮ:

ಎರಡು ಬೇರೆ ಬೇರೆ ವಿಷಗಳು ಲ್ಯಾಥಿರಿಸಮ್ ಎಂಬ ಒಂದೇ ರೋಗದ ಹೆಸರಿನಡಿ ಬೆರೆತುಹೋಗಿವೆ. ಕೇಸರಿ ಬೇಳೆಯಲ್ಲಿರುವ ವಿಷ ನರಕೋಶಗಳನ್ನು ಹಾಳುಮಾಡುತ್ತದೆ, ಕಾಲು ಸೆಟೆದುಕೊಳ್ಳುವುದು ಅದರಿಂದ. ಅದೇ ಕುಲದ, ಹೂವಿಗಾಗಿ ಬೆಳೆಸುವ ಸ್ವೀಟ್ ಪೀ ಗಿಡದ ಬೀಜದಲ್ಲಿ ಬೇರೊಂದು ವಿಷವಿದೆ. ಅದು ಕೊಲಾಜೆನ್ ಅಣುಗಳ ನಡುವೆ ಅಡ್ಡಬಂಧ ಹಾಕುವ ಲೈಸಿಲ್ ಆಕ್ಸಿಡೇಸ್ ಎಂಬ, ತಾಮ್ರ ಬೇಕಾಗುವ ಕಿಣ್ವವನ್ನು ತಡೆಯುತ್ತದೆ. ಆ ಬೀಜ ತಿನ್ನಿಸಿದ ಇಲಿಗಳಲ್ಲಿ ಬೆನ್ನೆಲುಬು ಡೊಂಕಾಗಿ, ಮಹಾಪಧಮನಿ ದುರ್ಬಲವಾಗುತ್ತದೆ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರಮ್ಮನವರೇ, ಎರಡು ಮಾತು ಎಂದಿರಿ, ಎರಡನೆಯದು ಬರಲಿಲ್ಲ. ನಮ್ಮ ಹುಡುಗಿಯ ಪ್ರಶ್ನೆ ಇದ್ದದ್ದು ಒಂದು ಅಮೈನೊ ಆಮ್ಲ ಬದಲಾದರೆ ಏನು ಎಂಬುದು.

ಡಾಕ್ಟರಮ್ಮ:

ಅದಕ್ಕೇ ಬರುತ್ತಿದ್ದೆ. ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ, ಕೆಲವು ಮಕ್ಕಳಲ್ಲಿ ಕಣ್ಣಿನ ಬಿಳಿಭಾಗ ನೀಲಿಯಾಗಿ ಕಾಣುವ ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟ ಎಂಬ ಆನುವಂಶಿಕ ರೋಗವಿದೆ. ಒಂದನೆಯ ಬಗೆಯ ಕೊಲಾಜೆನ್‌ನ ಪ್ರತಿ ಅಣುವಿನಲ್ಲಿ ಆಲ್ಫಾ-1 ಎಂಬ ಸರಪಳಿ ಎರಡು, ಆಲ್ಫಾ-2 ಎಂಬುದು ಒಂದು. ಆಲ್ಫಾ-1ರ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿರುತ್ತದೆ. ಈಗ ಎರಡು ಸಂದರ್ಭಗಳನ್ನು ನೋಡಿ. ಒಂದು ಪ್ರತಿ ಪೂರ್ತಿ ಮೂಕವಾಗಿ ಸರಪಳಿಯನ್ನೇ ಕೊಡದಿದ್ದರೆ, ಕೊಲಾಜೆನ್ ಅರ್ಧದಷ್ಟಾಗುತ್ತದೆ, ಆದರೆ ಇರುವುದೆಲ್ಲ ಒಳ್ಳೆಯದೇ. ರೋಗ ಸಾಮಾನ್ಯವಾಗಿ ಸೌಮ್ಯ. ಅದೇ ಪ್ರತಿಯಲ್ಲಿ ಒಂದು ಗ್ಲೈಸಿನ್ ಮಾತ್ರ ಬೇರೆಯಾಗಿ, ಸರಪಳಿ ಪೂರ್ತಿ ಉದ್ದಕ್ಕೆ ತಯಾರಾದರೆ ಅನೇಕ ಸಲ ರೋಗ ತೀವ್ರ. ಹುಟ್ಟುವ ಮೊದಲೇ ಮೂಳೆ ಮುರಿದ ಮಕ್ಕಳೂ ಇರುತ್ತಾರೆ.

ಇಲ್ಲದಿರುವುದಕ್ಕಿಂತ ಕೆಟ್ಟದ್ದು ಇರುವುದು ಏಕೆ ಹೆಚ್ಚು ಅಪಾಯ ಎಂಬುದಕ್ಕೆ ಲೆಕ್ಕ ಸುಲಭ. ಅಣುವಿಗೆ ಎರಡು ಆಲ್ಫಾ-1 ಬೇಕು. ಒಂದೊಂದೂ ಒಳ್ಳೆಯದಾಗಿರುವ ಸಂಭವ ಅರ್ಧ. ಎರಡೂ ಒಳ್ಳೆಯದಾಗಿರುವ ಸಂಭವ ಕಾಲು ಮಾತ್ರ. ಉಳಿದ ಮುಕ್ಕಾಲು ಪಾಲು ಅಣುಗಳಲ್ಲಿ ಒಂದಾದರೂ ಕೆಟ್ಟ ಸರಪಳಿ ಸೇರಿಕೊಂಡು ಮೂರರ ಹೆಣಿಗೆಯನ್ನೂ ಕೆಡಿಸುತ್ತದೆ. ಹೆಣಿಗೆ ಆರಂಭವಾಗುವುದು ಸರಪಳಿಯ ಕಾರ್ಬಾಕ್ಸಿಲ್ ತುದಿಯಿಂದ. ಅಲ್ಲಿಂದ ಇನ್ನೊಂದು ತುದಿಯ ಕಡೆಗೆ ಸಾಗುತ್ತದೆ. ಗ್ಲೈಸಿನ್ ಇಲ್ಲದ ಸ್ಥಾನಕ್ಕೆ ಬಂದಾಗ ಅದು ತಡವರಿಸುತ್ತದೆ. ಆ ತಡದಲ್ಲಿ ಇನ್ನೂ ಹೆಣೆಯದೆ ಉಳಿದ ಭಾಗದ ಮೇಲೆ ಕಿಣ್ವಗಳು ಬೇಕಾದುದಕ್ಕಿಂತ ಹೆಚ್ಚು ಗುಂಪುಗಳನ್ನು ಅಂಟಿಸಿಬಿಡುತ್ತವೆ. ಆದ್ದರಿಂದ ಬದಲಾವಣೆ ಕಾರ್ಬಾಕ್ಸಿಲ್ ತುದಿಗೆ ಹತ್ತಿರವಾದಷ್ಟೂ ಆಲ್ಫಾ-1ರಲ್ಲಿ ರೋಗ ಕಠಿಣವಾಗುವ ಸಂದರ್ಭಗಳು ಹೆಚ್ಚು, ಇದಕ್ಕೆ ಅಪವಾದಗಳೂ ಉಂಟು.

ಸಕ್ಕರೆನಾಡು:

ಹಾಗಾದರೆ ಬದಲಾವಣೆ ಆಲ್ಫಾ-2ರಲ್ಲಿ ಆದರೆ ಮೇಡಂ?

ಡಾಕ್ಟರಮ್ಮ:

ಅಣುವಿಗೆ ಆಲ್ಫಾ-2 ಒಂದೇ ಸಾಕಾಗುವುದರಿಂದ ಕೆಡುವುದು ಮುಕ್ಕಾಲಲ್ಲ, ಅರ್ಧ. ಆಲ್ಫಾ-2ರ ಬದಲಾವಣೆಗಳಲ್ಲಿ ಪ್ರಾಣಾಂತಿಕವಲ್ಲದವುಗಳ ಪಾಲು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.